ಒಂಬತ್ತನೇ ತಿಂಗಳ ಸೂಜಿ ಯಾರ ಮನೆಯದು

ಮುರಗೋಡದ ಹತ್ತಿರದ ಆ ಊರಿನಲ್ಲಿ ಯಾರ ಮನೆಯ ಮಗಳಿಗೆ ಸೀಮಂತದ ಕುಬಸವಾದರೂ, ಯಾರ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದರೂ ಮೊದಲು ತಂಗೆವ್ವನ ಕಟ್ಟೆಗೆ ಬಂದು ಕೇಳಿ ಹೋಗಬೇಕಿತ್ತು. ಉಡಿಗೆ ಅಕ್ಕಿ ಹಾಕಬೇಕೋ ಗೋದಿ ಹಾಕಬೇಕೋ, ಬಾಣಂತಿಯನ್ನು ಕರೆಯಲು ಬಂದ ಬೀಗರಿಗೆ ಕಾಲಿಗೆ ನೀರು ಯಾರು ಕೊಡಬೇಕು, ಕೂಸಿನ ತಲೆಗೆ ಕಟ್ಟುವ ಕುಲಾಯಿ ಸೋದರತ್ತೆ ಹೊಲಿಸಬೇಕೋ ಸೋದರಮಾವ ತರಬೇಕೋ, ಇಂಥವಕ್ಕೆಲ್ಲ ಉತ್ತರ ಇದ್ದದ್ದು ಅವಳೊಬ್ಬಳ ಹತ್ತಿರ. ಗೊತ್ತಿಲ್ಲದ್ದನ್ನು ಕೇಳಿದರೂ ಗೊತ್ತಿಲ್ಲ ಎಂದು ಹೇಳಿದವಳೇ ಅಲ್ಲ. ಒಂದು ಗಳಿಗೆ ಜಂತಿಯ ಕಡೆ ನೋಡಿ, ಸೆರಗು ಸರಿಮಾಡಿಕೊಂಡು, "ನನ್ನವ್ವ ಹೇಳತಿದ್ಲು..." ಎಂದು ಶುರುಮಾಡಿದಳೆಂದರೆ ಮುಗಿಯಿತು, ಆವತ್ತಿನಿಂದ ಅದೇ ಊರಿನ ಪದ್ಧತಿ. ಅವಳ ಅವ್ವ ನಿಜವಾಗಿ ಅಷ್ಟೆಲ್ಲ ಹೇಳಿದ್ದಳೋ ಇಲ್ಲವೋ ಎಂದು ವಿಚಾರಿಸೋಣವೆಂದರೆ ಆ ಪುಣ್ಯಾತ್ಮಳು ತೀರಿಹೋಗಿ ಯಾವ ಕಾಲವಾಗಿತ್ತೋ.

ಗಂಡ ಸಂಗಪ್ಪ ಮೆತ್ತಗಿನ ಮನುಷ್ಯ. ಹೊಲ, ಎತ್ತು, ಸಂಜೆಗೆ ಮಠದ ಕಡೆ ಒಂದು ಸುತ್ತು, ಇಷ್ಟೇ ಅವನ ಸಂಸಾರ. ಹೆಂಡತಿ ಕಟ್ಟೆಯ ಮೇಲೆ ಕುಳಿತು ಊರಿಗೆಲ್ಲ ನ್ಯಾಯ ಹೇಳುವುದನ್ನು ಅವನು ಹುಡುಗನಾಗಿ ಸಾಲಿಯಲ್ಲಿ ಪಾಠ ಕೇಳಿದಂತೆ ಕೇಳುತ್ತಿದ್ದ. ಇಬ್ಬರಿಗೂ ಒಬ್ಬಳೇ ಮಗಳು, ಅನ್ನಪೂರ್ಣಾ. ಅವಳನ್ನು ರಾಮದುರ್ಗದ ಕಡೆ ತೊರಗಲ್ಲಿಗೆ ಕೊಟ್ಟಿದ್ದರು. ಅಳಿಯ ಗುರುನಾಥ ರಾಮದುರ್ಗದಲ್ಲಿ ಬೀಜ, ಗೊಬ್ಬರ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವನೂ ಮಾವನ ಹಾಗೇ ಮೆತ್ತಗಿನವನು. ಆದರೆ ಅವನ ತಾಯಿ ಸಾವಿತ್ರೆವ್ವ ತೊರಗಲ್ಲಿನ ತಂಗೆವ್ವ ಎಂದರೆ ತಿಳಿಯುತ್ತದೆ. ಮದುವೆಯ ಚಪ್ಪರದಲ್ಲಿ ಬೀಗತಿಯರಿಬ್ಬರೂ ಎದುರುಬದುರು ಕುಳಿತು, ಮೊದಲು ಯಾರು ಯಾರಿಗೆ ಕುಂಕುಮ ಹಚ್ಚಬೇಕು ಎಂಬ ಒಂದೇ ವಿಷಯದ ಮೇಲೆ ಊಟದ ಹೊತ್ತು ದಾಟಿಸಿದ್ದರು.

ಈಗ ಲಸಿಕೆಯ ಮಾತಿಗೆ ಬರಬೇಕು. ತಂಗೆವ್ವ ಸೂಜಿಗೆ ಹೆದರಿ ಕೂಸನ್ನು ಬಚ್ಚಿಡುವ ಮುದುಕಿಯಲ್ಲ. ಹಾಗೆ ಯಾರಾದರೂ ತಿಳಿದರೆ ಅವಳಿಗೆ ಅನ್ಯಾಯ ಮಾಡಿದ ಹಾಗೆ. ಹಿಂದೊಮ್ಮೆ ಊರಿನ ಒಂದು ಮನೆಯಲ್ಲಿ ತವರಿನಿಂದ ಮಗಳನ್ನು ಕಳಿಸುವ ಹಿಂದಿನ ದಿನ ಕೂಸಿಗೆ ಸೂಜಿ ಮಾಡಿಸಿದ್ದರು. ಕೂಸಿಗೆ ಜ್ವರ ಬಂತು, ತೊಡೆ ಬಾತಿತು, ಗಂಡನ ಮನೆಯವರು "ಜಡ್ಡಿನ ಕೂಸು ಕಳಿಸ್ಯಾರ" ಎಂದು ಊರೆಲ್ಲ ಸಾರಿದರು. ಎರಡೂ ಕಡೆಯವರು ತಂಗೆವ್ವನ ಕಟ್ಟೆಗೆ ಬಂದಾಗ ಅವಳು ಜಂತಿ ನೋಡಿ ತೀರ್ಪು ಕೊಟ್ಟಳು.

"ಒಂದೂವರಿ ತಿಂಗಳದ್ದು, ಎರಡೂವರಿದು, ಮೂರೂವರಿದು ತವರಮನಿಯವು. ಬಾಣಂತನ ಮಾಡಿದವರ ಮಾಡಸಬೇಕು, ತಪ್ಪಸಬಾರದು. ಒಂಬತ್ತರ ಸೂಜಿ ಗಂಡನ ಮನಿದು. ಅಷ್ಟೊತ್ತಿಗೆ ಕೂಸು ಅವರ ಮನಿ ಸೇರಿರತೈತಿ. ಇವರದ್ದಕ್ಕ ಅವರು, ಅವರದ್ದಕ್ಕ ಇವರು ಕೈ ಹಾಕಬಾರದು. ನನ್ನವ್ವ ಹೇಳತಿದ್ಲು."

ಅವಳ ಅವ್ವನ ಕಾಲಕ್ಕೆ ಆ ಊರಿಗೆ ಇಂಥ ಸೂಜಿಯೇ ಬಂದಿರಲಿಲ್ಲ. ಆದರೆ ಆ ಮಾತು ಯಾರ ಬಾಯಿಂದಲೂ ಹೊರಬೀಳಲಿಲ್ಲ. ಪದ್ಧತಿ ನಿಂತಿತು, ಅದೂ ಬಹಳ ಚೆಂದ ನಿಂತಿತು. ಮೊದಲ ಮೂರು ಸೂಜಿ ಮಾಡಿಸದಿದ್ದರೆ ತವರಿನ ಮಾನ ಹೋಗುತ್ತದೆಂದು ಅಜ್ಜಿಯರೇ ಕೂಸು ಎತ್ತಿಕೊಂಡು ಅಂಗನವಾಡಿಗೆ ಓಡುವಂತಾಯಿತು. ಊರಿನ ಆಶಾ ಕಾರ್ಯಕರ್ತೆ ನೀಲಾ ಇದನ್ನು ಕಂಡು ಹಿಗ್ಗಿಹೋದಳು. ಮನೆಮನೆ ತಿರುಗಿ ಗಂಟಲು ಹರಿದುಕೊಳ್ಳುವ ಕೆಲಸ ಅರ್ಧಕ್ಕರ್ಧ ಕಡಿಮೆಯಾಗಿತ್ತು. ಯಾರಾದರೂ ಹಿಂದೆಮುಂದೆ ನೋಡಿದರೆ, "ತವರಿನ ಸೂಜಿ ತಪ್ಪಸ್ತೀರೇನ್ರಿ? ತಂಗೆವ್ವಾರಿಗೆ ಹೇಳಲೇನು?" ಎಂದು ಅವಳೇ ಹೆದರಿಸುತ್ತಿದ್ದಳು. ಒಂಬತ್ತರದ್ದು ಮಾತ್ರ ಗಂಡನ ಮನೆಯದು ಎನ್ನುವ ಮಾತಿನ ಬಾಲ ಅವಳಿಗೆ ಸರಿ ಕಾಣಲಿಲ್ಲ. ಆದರೂ ಕೂಸುಗಳು ಐದನೇ ತಿಂಗಳಿಗೇ ಹೋಗಿಬಿಡುತ್ತಿದ್ದವು, ಅಲ್ಲಿಯ ಆಶಾ ನೋಡಿಕೊಳ್ಳುತ್ತಾಳೆ ಎಂದು ಸುಮ್ಮನಾದಳು. ಸುಮ್ಮನಾಗುವುದು ಎಷ್ಟು ಸಲೀಸು ನೋಡಿ.

ಅನ್ನಪೂರ್ಣಾ ಹೆಣ್ಣು ಹೆತ್ತಳು. ಸಾವಿತ್ರೆವ್ವನ ಅತ್ತೆಯ ಹೆಸರು ರಾಜೇಶ್ವರಿ ಎಂದು, ಕೂಸಿಗೂ ಅದೇ ಹೆಸರಿಟ್ಟರು. ಬಟ್ಟಲು ಮುಖ, ಕಪ್ಪು ಗುಂಗುರು ಕೂದಲು. ಹಿತ್ತಲಲ್ಲಿ ಎಮ್ಮೆ ಕೂಗಿದರೆ ಕೂಸು ಹಾಲು ಕುಡಿಯುವುದನ್ನು ಬಿಟ್ಟು ಆ ಕಡೆ ತಿರುಗಿ ನೋಡುತ್ತಿತ್ತು. "ನಮ್ಮ ರಾಜಿಗೆ ಎಮ್ಮಿ ಮಾತು ತಿಳಿತೈತಿ" ಎಂದು ಸಂಗಪ್ಪ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ತಂಗೆವ್ವ ಅಂಟಿನುಂಡಿ ಕಟ್ಟಿದಳು, ದಿನವೂ ತಾನೇ ಕೂಸಿಗೆ ಎಣ್ಣೆ ತಿಕ್ಕಿ ಎರೆದಳು, ತವರಿನ ಮೂರು ಸೂಜಿಗೂ ತಾನೇ ಕೂಸನ್ನು ಎತ್ತಿಕೊಂಡು ಸರತಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತಳು.

ಐದನೇ ತಿಂಗಳಲ್ಲಿ ಮಗಳನ್ನು ಕಳಿಸಬೇಕಿತ್ತು. ತೊರಗಲ್ಲಿನ ಮನೆಯ ಮಾಳಿಗೆ ಸೋರುತ್ತದೆಂದು ಬಿಚ್ಚಿ ಹಾಕಿದ್ದರು, ಕೆಲಸ ಮುಗಿಯಲಿ ಎಂದು ಅವರೇ ಹೇಳಿ ಕಳಿಸಿದರು. ಏಳರಲ್ಲಿ ಗೋಡೆಯ ಗಿಲಾವು ಹಸಿ ಇದೆ ಎಂದರು. ಕೊನೆಗೆ ಒಂಬತ್ತರಲ್ಲಿ ಕರೆದೊಯ್ಯುವುದು ಎಂದು ಗೊತ್ತಾಯಿತು. ತಂಗೆವ್ವ ಬೈಲಹೊಂಗಲದ ಬಡಿಗನ ಹತ್ತಿರ ತೇಗದ ತೊಟ್ಟಿಲು ಮಾಡಿಸಿದಳು. ಅದಕ್ಕೆ ಬಣ್ಣದ ಗಿಳಿಗಳು, ತೂಗಿದರೆ ಕಿಣಿಕಿಣಿ ಎನ್ನುವ ಹಿತ್ತಾಳೆಯ ಗೆಜ್ಜೆಗಳು.

ಕರೆಯುವ ದಿನ ಬಂತು. ಬಾಡಿಗೆ ಗಾಡಿ ಬಂದು ಬಾಗಿಲ ಮುಂದೆ ನಿಂತಿತು. ಇಳಿದವನು ಗುರುನಾಥ ಒಬ್ಬನೇ.

ತಂಗೆವ್ವ ಗಾಡಿಯ ಒಳಗೆ ಬಗ್ಗಿ ನೋಡಿದಳು. "ಅಳಿಯಂದಿರ, ಹಿರೇರು ಎಲ್ಲಿ?"

"ಅವ್ವಗ ಮೊಣಕಾಲ ಬ್ಯಾನಿ ಆಗೇತ್ರಿ ಅತ್ತಿ. ನೀನ ಹೋಗಿ ಕರಕೊಂಡ ಬಾ ಅಂದ್ಲು."

ಚೊಚ್ಚಲ ಬಾಣಂತಿಯನ್ನು, ಅದೂ ತೊಟ್ಟಿಲ ಸಮೇತ, ಕರೆಯಲು ಮುತ್ತೈದೆಯರು ಬರಬೇಕು, ಬೀಗತಿ ಖುದ್ದಾಗಿ ಬರಬೇಕು. ಊರಿಗೆಲ್ಲ ಇದನ್ನು ಹೇಳಿಕೊಟ್ಟವಳ ಮನೆಯ ಮಗಳೇ ಸಂತೆಗೆ ಹೋದವಳ ಹಾಗೆ ಗಂಡನ ಹಿಂದೆ ಹತ್ತಿ ಹೋಗುವುದೆಂದರೆ! ಕಟ್ಟೆಯ ಸುತ್ತ ಆಗಲೇ ನಾಲ್ಕು ಹೆಂಗಸರು ನಿಂತಿದ್ದರು. ತಂಗೆವ್ವ ಅಳಿಯನಿಗೆ ಹೋಳಿಗೆ, ತುಪ್ಪ ಬಡಿಸಿ, ಹೊಟ್ಟೆತುಂಬ ಉಣ್ಣಿಸಿ, ಎಲೆಅಡಿಕೆ ಕೊಟ್ಟು ಕಳಿಸಿಬಿಟ್ಟಳು. ಮಗಳನ್ನು ಕಳಿಸಲಿಲ್ಲ.

"ನಿಮ್ಮವ್ವಾರ ಮೊಣಕಾಲ ನೆಟ್ಟಗಾದ ಮ್ಯಾಲ ಬರಾಕ ಹೇಳ್ರಿ. ನಮಗೇನ ಅವಸರಿಲ್ಲ."

ತೊರಗಲ್ಲಿನಲ್ಲಿ ಸಾವಿತ್ರೆವ್ವ, "ಮನಿ ಮಗನ್ನ ಬರಿಗೈಲೆ ತಿರುಗಿಸಿ ಕಳಸ್ಯಾರ. ಇನ್ನ ಅವರ ತಂದು ಬಿಡಲಿ, ನನ್ನ ಹೆಜ್ಜಿ ಆ ಮನಿಗೆ ಬೀಳೂದಿಲ್ಲ" ಎಂದಳು. ಅಷ್ಟಾಗುವಾಗ ಹತ್ತು ಶುರುವಾಯಿತು. ಹತ್ತು ಸರಿ ತಿಂಗಳು, ಬೆಸ ತಿಂಗಳಲ್ಲಲ್ಲದೆ ಬಾಣಂತಿಯನ್ನು ಕಳಿಸಬಾರದು. ಹನ್ನೊಂದರಲ್ಲಿ, ಉಗಾದಿ ಆದ ಮೇಲೆ ನೋಡೋಣ ಎಂದು ಎರಡೂ ಮನೆಯವರು ಮುಖ ತಿರುಗಿಸಿ ಕುಳಿತರು.

ಗುರುವಾರ ಅಂಗನವಾಡಿಗೆ ಸೂಜಿ ಮಾಡಲು ನರ್ಸಬಾಯಿ ಬರುತ್ತಾಳೆ. ಬುಧವಾರ ಸಂಜೆ ನೀಲಾ ಬಂದಳು.

"ದೊಡ್ಡವ್ವಾರ, ರಾಜೇಶ್ವರಿಗೆ ಒಂಬತ್ತು ತುಂಬಿದ್ವು. ನಾಳೆ ದಡಾರದ ಸೂಜಿ ಮಾಡಸೂನ್ರಿ."

"ಅದು ನಮ್ದಲ್ಲ. ತೊರಗಲ್ಲದವರದು."

"ಕೂಸು ಇಲ್ಲೇ ಐತಲ್ರಿ. ಯಾವ ಊರಾಗ ಮಾಡಿಸಿದ್ರೂ ನಡಿತೈತಿ."

"ನಾಳೆ ಸೂಜಿ ಮಾಡಿಸಿ, ನಾಡದ ಅವರು ಸಿಟ್ಟ ಬಿಟ್ಟು ಕರ್ಯಾಕ ಬಂದು, ಕೂಸಿಗೆ ಜರಾ ಬಂದ್ರ? ನನ್ನ ಮಗಳ ಜಲ್ಮ ಪೂರ್ತಿ ಅದನ್ನ ಕೇಳಬೇಕು. ಊರಿಗೆಲ್ಲ ಹೇಳಿದಾಕಿ ನಾನ, ನನ್ನ ಮನಿಗೆ ಬ್ಯಾರೆ ಕಾಯದೇ ಮಾಡಲೇನ?"

ಅದೇ ಕಾಯದೆಯನ್ನು ಹಿಡಿದು ನೀಲಾಳೂ ಎಷ್ಟೋ ಮನೆಯವರನ್ನು ಹೆದರಿಸಿದ್ದಳಲ್ಲ. ಉಗಾದಿ ಆದರೆ ಕೂಸು ಹೋಗುತ್ತದೆ, ತೊರಗಲ್ಲಿನವರೇ ಮಾಡಿಸಲಿ ಎಂದುಕೊಂಡು ಹೋದಳು. ತೊರಗಲ್ಲಿನ ಆಶಾ ಸಾವಿತ್ರೆವ್ವನ ಮನೆಗೆ ಹೋಗಿ ಕೇಳಿದ್ದಳಂತೆ. ಕೂಸು ತವರಲ್ಲಿದೆ, ಅಲ್ಲಿಯವರು ನೋಡಿಕೊಳ್ಳುತ್ತಾರೆ ಎಂಬ ಉತ್ತರ ಅಲ್ಲಿ ಸಿಕ್ಕಿತ್ತು. ಒಂದು ಕೂಸು, ಎರಡು ಮನೆ, ಎರಡು ಊರು, ಇಬ್ಬರು ಆಶಾ. ಎಲ್ಲರೂ ಇದ್ದರು.

ಅನ್ನಪೂರ್ಣಾ ಮಾತ್ರ ಗುರುವಾರ ಬೆಳಗ್ಗೆ ಕೂಸಿಗೆ ಕುಲಾಯಿ ಕಟ್ಟಿ, ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲತನಕ ಬಂದಳು.

"ಎಲ್ಲಿಗೆ?" ಎಂದಳು ತಂಗೆವ್ವ, ಜೋಳ ಕೇರುತ್ತ, ತಲೆ ಎತ್ತದೆ.

"ಅಂಗನವಾಡಿಗೆ ಬೇ. ಸೂಜಿ ಮಾಡಿಸ್ಕೊಂಡ ಬರತೇನಿ. ನಮ್ಮ ಕೂಸು ಅಲ್ಲನ?"

"ನಮ್ಮ ಕೂಸು ಅಂತನ ಹೇಳಾಕತ್ತೇನಿ. ಒಳಗ ನಡಿ."

ಅನ್ನಪೂರ್ಣಾ ಹೊಸ್ತಿಲ ಮೇಲೆ ಒಂದಿಷ್ಟು ಹೊತ್ತು ನಿಂತಳು. ಅವಳು ಹುಟ್ಟಿದಾಗಿನಿಂದ ಆ ಮನೆಯಲ್ಲಿ ತಾಯಿಯ ಮಾತನ್ನು ದಾಟಿದವರನ್ನು ಕಂಡಿರಲಿಲ್ಲ. ಒಳಗೆ ಹೋಗಿ ಕುಲಾಯಿ ಬಿಚ್ಚಿದಳು.

ಉಗಾದಿಗೆ ಮುಂಚೆ ಬೈಲಹೊಂಗಲದಲ್ಲಿ ಸಂಗಪ್ಪನ ತಮ್ಮನ ಕಡೆಯ ಮದುವೆ ಇತ್ತು. ಅಲ್ಲಿ ಯಾರದೋ ಕೂಸು ಕೆಮ್ಮುತ್ತಿತ್ತು, ಕಣ್ಣು ಕೆಂಪಗಿದ್ದವು. ಮದುವೆ ಮನೆಯಲ್ಲಿ ಕೂಸುಗಳು ಕೈಯಿಂದ ಕೈಗೆ ಹೋಗುತ್ತವೆ, ಯಾರ ಸೊಂಟದ ಮೇಲೆ ಯಾರಿದ್ದಾರೆ ಎಂದು ನೋಡುವವರಾರು. ಊರಿಗೆ ಬಂದ ಕೆಲವು ದಿನಕ್ಕೆ ರಾಜೇಶ್ವರಿಗೆ ಮೂಗು ಸೋರಿತು, ಜ್ವರ ಬಂತು, ಆಮೇಲೆ ಕಿವಿಯ ಹಿಂದಿನಿಂದ ಕೆಂಪು ಗುಳ್ಳೆ ಎದ್ದು ಮೈಯೆಲ್ಲ ಇಳಿಯಿತು. ದಡಾರ. ತಂಗೆವ್ವ ಬೇವಿನ ತಪ್ಪಲು ಹಾಸಿ ಮಲಗಿಸಿದಳು, ಅಡಿಗೆಗೆ ಒಗ್ಗರಣೆ ಹಾಕುವುದನ್ನು ನಿಲ್ಲಿಸಿದಳು. ಕೂಸಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು ಕೈಕಾಲು ಸೆಟೆದಾಗ ಸಂಗಪ್ಪ ಮದುವೆಯಾದ ಮೇಲೆ ಮೊದಲ ಬಾರಿ ಹೆಂಡತಿಯ ಮೇಲೆ ಕೂಗಾಡಿದ. ಬೈಲಹೊಂಗಲದ ದವಾಖಾನೆ, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಬೆಳಗಾವಿಯ ದೊಡ್ಡ ದವಾಖಾನೆ. ಜ್ವರ ಮಿದುಳಿಗೆ ಏರಿದೆ ಎಂದರು ಅಲ್ಲಿಯ ಡಾಕ್ಟರು.

ಕೂಸು ಬದುಕಿತು. ಎಲ್ಲರೂ ದೇವರಿಗೆ ಕೈ ಮುಗಿದರು. ಸಾವಿತ್ರೆವ್ವನೂ ಬಂದಳು. ಮೊಣಕಾಲ ನೋವಿನವಳು ದವಾಖಾನೆಯ ಮೂರು ಮಹಡಿ ಮೆಟ್ಟಿಲು ಹತ್ತಿ ಬಂದಳು, ಜೊತೆಗೆ ಮುತ್ತೈದೆಯರೂ ಬಂದರು. ಬರಬೇಕಾದಾಗ ಬಾರದವರೆಲ್ಲ ಬಂದರು. ತಂಗೆವ್ವನನ್ನು ಒಂದು ಮಾತೂ ಕೇಳದೆ ಅನ್ನಪೂರ್ಣಾಳನ್ನೂ ಕೂಸನ್ನೂ ದವಾಖಾನೆಯಿಂದಲೇ ತೊರಗಲ್ಲಿಗೆ ಕರೆದುಕೊಂಡು ಹೋದರು. ಉಡಿ ತುಂಬಲಿಲ್ಲ, ಕುಂಕುಮ ಹಚ್ಚಲಿಲ್ಲ. ಗಿಳಿ, ಗೆಜ್ಜೆಯ ತೊಟ್ಟಿಲು ಮುರಗೋಡದ ಕಡೆಯ ಮನೆಯಲ್ಲೇ ಉಳಿಯಿತು.

ಮಳೆಗಾಲ ಹಿಡಿದಾಗ ಅನ್ನಪೂರ್ಣಾ ಫೋನು ಮಾಡಿದಳು.

"ಯವ್ವಾ, ರಾಜಿ ಕರದ್ರ ತಿರಗವಲ್ಲದು. ತಾಟು ಬಿದ್ರೂ ನೋಡವಲ್ಲದು."

ಬೆಳಗಾವಿಯಲ್ಲಿ ತಪಾಸಣೆ ಮಾಡಿದರು. ಎರಡೂ ಕಿವಿ ಹೋಗಿವೆ ಎಂದರು. ಯಂತ್ರ ಹಾಕಿ ನೋಡಬಹುದು, ಎಷ್ಟು ಉಪಯೋಗವಾಗುತ್ತದೋ ಈಗಲೇ ಹೇಳಲಾಗದು ಎಂದರು. ಆ ಸುದ್ದಿ ಬಂದ ದಿನ ಸಂಗಪ್ಪ ಹಿತ್ತಲಿಗೆ ಹೋಗಿ ಎಮ್ಮೆಯ ಹತ್ತಿರ ನಿಂತು ಅತ್ತ. ತಂಗೆವ್ವ ಅಳಲಿಲ್ಲ. ಅಳುವುದಕ್ಕೆ ಅವಳಿಗೆ ಪುರುಸೊತ್ತೇ ಇರಲಿಲ್ಲ, ಯಾಕೆಂದರೆ ಆಗಲೇ ಜಗಳ ಶುರುವಾಗಿತ್ತು.

ತಪ್ಪು ಯಾರದು? ಎರಡೂ ಊರಿಗೆ ಅದೊಂದೇ ಪ್ರಶ್ನೆ. ಕೂಸು ತವರಲ್ಲಿತ್ತು, ತವರಿನವರದೇ ತಪ್ಪು ಎಂದಳು ಸಾವಿತ್ರೆವ್ವ. ಒಂಬತ್ತರ ಸೂಜಿ ಗಂಡನ ಮನೆಯದು, ಊರಿಗೆ ಊರೇ ಬಲ್ಲದು, ಹೊತ್ತಿಗೆ ಸರಿಯಾಗಿ ಕರೆಯಲು ಬಂದಿದ್ದರೆ ಆಗುತ್ತಿತ್ತಲ್ಲ ಎಂದಳು ತಂಗೆವ್ವ. ನೆಂಟರಿಷ್ಟರ ನಡುವೆ ಕೂಡ್ರಿಸಿದಾಗಲೂ ಅದನ್ನೇ ಹೇಳಿದಳು, ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ದನಿ ಏರಿಸಿ. ನೆರೆದವರಲ್ಲಿ ಅರ್ಧ ಜನ ಅವಳ ಕಡೆಗಾದರು. ಅವಳು ಗೆಲ್ಲಲೇಬೇಕಿತ್ತು. ತಪ್ಪು ತವರಿನದು ಎಂದು ತೀರ್ಮಾನವಾದರೆ ಅನ್ನಪೂರ್ಣಾ ತೊರಗಲ್ಲಿನಲ್ಲಿ ದಿನ ಬೆಳಗಾದರೆ ಚುಚ್ಚುಮಾತು ತಿನ್ನಬೇಕು. ಅದು ಹೊರಗೆ ಹೇಳಿಕೊಳ್ಳುವ ಕಾರಣ. ಒಳಗಿನದು ಇನ್ನೊಂದು. ಕುಲಾಯಿ ಕಟ್ಟಿದ ಕೂಸನ್ನು ಎತ್ತಿಕೊಂಡು ಹೊಸ್ತಿಲ ಮೇಲೆ ನಿಂತ ಮಗಳ ಮುಖ ಅವಳಿಗೆ ರೊಟ್ಟಿ ಬಡಿಯುವಾಗ, ಕಸ ಹೊಡೆಯುವಾಗ, ಎಲ್ಲೆಂದರಲ್ಲಿ ಬಂದು ನಿಲ್ಲುತ್ತಿತ್ತು. ತಪ್ಪು ಬೀಗತಿಯದೇ ಎಂದು ಜೋರಾಗಿ ಕೂಗಿದರೆ ಸ್ವಲ್ಪ ಹೊತ್ತು ಅದು ಕಾಣುತ್ತಿರಲಿಲ್ಲ.

ಹೀಗೆ ಒಂದು ವರ್ಷ ಹೋಯಿತು. ತಾಯಿ, ಮಗಳ ನಡುವೆ ಫೋನಿನಲ್ಲಿ ಊಟ ಆಯಿತೇ, ಮಳೆ ಆಯಿತೇ ಎಂಬ ಮಾತಷ್ಟೇ ಉಳಿಯಿತು.

ಒಂದು ದಿನ ನೀಲಾ ದಡದಡನೆ ಬಂದು ಕಟ್ಟೆಯ ಮುಂದೆ ನಿಂತಳು. ಕೂಡ್ರು ಎಂದರೆ ಕೂಡ್ರಲಿಲ್ಲ.

"ದೊಡ್ಡವ್ವಾರ, ಬಾಳವ್ವನ ಮನ್ಯಾಗ ಆಕಿ ಮಗಳು ವಿಜಯಾನ ಗಂಡುಕೂಸು ಒಂಬತ್ತು ತುಂಬಿ ಕುಂತೈತಿ. ಗಂಡ ಕಿತ್ತೂರಾಗ ಹೊಸಾ ಮನಿ ಹಿಡ್ಯಾಕತ್ತಾನಂತ, ಅದಕ್ಕ ಇನ್ನೂ ಕರಕೊಂಡ ಹೋಗಿಲ್ಲ. ಸೂಜಿ ಮಾಡಸ್ರಿ ಅಂದ್ರ, ಅದು ಕಿತ್ತೂರವರದು ಅಂತಾರ. ನಿಮ್ಮ ಹೆಸರ ಹೇಳತಾರ. ನೀವ ಕಟ್ಟಿದ್ದು, ನೀವ ಬಿಚ್ರಿ. ನಂದೂ ತಪ್ಪೈತಿ, ನಾನೂ ಅದನ್ನ ಹೇಳಕೊಂತ ತಿರಗೀನಿ. ನನ್ನ ಮಾತು ಈಗ ಯಾರೂ ಕೇಳವಲ್ರು."

ತಂಗೆವ್ವ ಎದ್ದಳು. ಚಪ್ಪಲಿ ಮೆಟ್ಟಿಕೊಳ್ಳದೆ ಬಾಳವ್ವನ ಮನೆಗೆ ನಡೆದಳು. ಬಾಳವ್ವ ಅವಳಿಗಿಂತ ಸಣ್ಣವಳು, ಕಟ್ಟೆಯ ಕಾಯಂ ಗಿರಾಕಿ, ತಂಗೆವ್ವ ಹೇಳಿದ್ದನ್ನು ಗೆರೆ ಕೊರೆದಂತೆ ನಡೆಸುವವಳು. ಪಡಸಾಲೆಯಲ್ಲಿ ವಿಜಯಾ ಕೂಸಿಗೆ ಗಂಜಿ ತಿನ್ನಿಸುತ್ತಿದ್ದಳು. ಕೂಸು ಬಾಗಿಲ ಸದ್ದಿಗೆ ತಟ್ಟನೆ ತಿರುಗಿ ನೋಡಿತು. ಆ ತಿರುಗಿದ ಕತ್ತನ್ನೇ ನೋಡುತ್ತ ತಂಗೆವ್ವ ಹೊಸ್ತಿಲ ಮೇಲೇ ಕುಳಿತಳು.

"ಬಾಳವ್ವಾ, ನಾಳೆ ಗುರುವಾರ. ಕೂಸಿಗೆ ಸೂಜಿ ಮಾಡಸು."

"ಯಕ್ಕಾ, ಅದು ಕಿತ್ತೂರವರದಲ್ಲ?"

"ಯಾರದೂ ಅಲ್ಲ. ಕೂಸಿಂದು. ಅದು ಎಲ್ಲಿರತೈತಿ ಅಲ್ಲೇ ಮಾಡಸಬೇಕು. ನನ್ನ ಮೊಮ್ಮಗಳ ಗತಿ ನೋಡಿಲ್ಲೇನ ನೀ?"

ಬಾಳವ್ವ ಗಲ್ಲಕ್ಕೆ ಕೈ ಹಚ್ಚಿ ಕುಳಿತಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಗೊಂದಲವಾಗಿತ್ತು.

"ನೋಡೇನಿ ಯಕ್ಕಾ. ಅದು ತೊರಗಲ್ಲದವರ ತಪ್ಪು ಅಂತ ನೀವ ಹೇಳಿದ್ರಿ. ನಾಲ್ಕ ಮಂದ್ಯಾಗ ಹೇಳಿದ್ರಿ, ನಾವೂ ನಿಮ್ಮ ಕಡಿ ನಿಂತು ಮಾತಾಡಿದ್ವಿ. ಈಗ ಎಲ್ಲಿದ್ರ ಅಲ್ಲೇ ಮಾಡಸಬೇಕಿತ್ತು ಅಂದ್ರ, ಆ ತಪ್ಪು ಯಾರದಾತು? ನಿಮಗ ದುಃಖ ಆಗೇತಿ, ಅದಕ್ಕ ಹಿಂಗ ಅಂತೀರಿ. ನಿಮ್ಮ ದುಃಖಕ್ಕ ಊರಿನ ರೀತಿ ಮುರ್ಯಾಕ ಬರತೈತೇನ್ರಿ?"

ನಾನು ಸುಳ್ಳು ಹೇಳಿದ್ದೆ, ನನ್ನವ್ವ ಅದನ್ನು ಹೇಳಿರಲಿಲ್ಲ, ಎಲ್ಲ ನನ್ನ ಸೃಷ್ಟಿ ಎಂದು ತಂಗೆವ್ವ ಹೇಳಬೇಕಿತ್ತು. ಅದನ್ನು ಹೇಳಿದರೂ ಬಾಳವ್ವ ನಂಬುತ್ತಿರಲಿಲ್ಲ, ಪಾಪ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದಳು. ಖರೇ ಮಾತಿಗೆ ಆ ಮನೆಯಲ್ಲಿ ಜಾಗ ಇರಲಿಲ್ಲ. ಹಾಗೆ ಮಾಡಿಟ್ಟವಳು ತಾನೇ.

ಅವಳು ತಲೆ ಎತ್ತಿ ಜಂತಿಯ ಕಡೆ ನೋಡಿದಳು. ಸೆರಗು ಸರಿಮಾಡಿಕೊಂಡಳು.

"ಬಾಳವ್ವಾ, ಅರ್ಧಾ ಕೇಳಿದವರು ನೀವು. ಗಂಡನ ಮನಿದು ಖರೆ. ಆದ್ರ ಒಂಬತ್ತು ತುಂಬಿದ ಮ್ಯಾಲೂ ಕೂಸು ತವರಾಗ ಇತ್ತಂದ್ರ ಆ ಸೂಜಿ ತಾಯಿಯ ತಾಯಿ ತೊಡಿ ಮ್ಯಾಲ ಆಗಬೇಕು. ಅಜ್ಜಿ ತೊಡಿ ಮ್ಯಾಲ ಆಗಲಿಲ್ಲಂದ್ರ ಮುಂದ ತುಂಬಿದ ಉಡಿ ತುಂಬಿದಂಗಲ್ಲ. ನನ್ನವ್ವ ಹೇಳತಿದ್ಲು."

"ಅಯ್ಯ!" ಎಂದು ಬಾಳವ್ವ ಎದ್ದೇಬಿಟ್ಟಳು. "ಇದನ್ನ ಮೊದಲ ಹೇಳಬಾರದೇನ ಯಕ್ಕಾ! ವಿಜಯಾ, ನನ್ನ ಇಳಕಲ್ಲ ಸೀರಿ ತಗದಿಡು. ನಾಳೆ ನಸಿಕಲೇ ಹೋಗೂನು."

ಒಂದು ಕೂಸಿನ ಕಿವಿ ಹೋದದ್ದು ಕಣ್ಣಿಗೆ ಕಾಣುವಾಗ ಎದ್ದೇಳದವರು, ಉಡಿ ತುಂಬುವುದಿಲ್ಲ ಎಂದ ಕೂಡಲೇ ಎದ್ದರು. ತಂಗೆವ್ವ ಮನೆಗೆ ಬಂದು ತೊಟ್ಟಿಲಿನ ಪಕ್ಕ ಕುಳಿತಳು. ಆವತ್ತು ಅತ್ತಳು, ಸಂಗಪ್ಪ ಬಂದು ದೀಪ ಹಚ್ಚುವತನಕ.

ಗುರುವಾರ ಬಾಳವ್ವ ಇಳಕಲ್ಲ ಸೀರೆ ಉಟ್ಟು, ಹಣೆತುಂಬ ವಿಭೂತಿ ಹಚ್ಚಿಕೊಂಡು, ಮೊಮ್ಮಗನನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡು ಸೂಜಿ ಮಾಡಿಸಿದಳು. ಕೂಸು ಕಿರುಚಿತು. ಬಾಳವ್ವ ನರ್ಸಬಾಯಿಯ ಉಡಿಗೆ ಕೊಬ್ಬರಿ ಬಟ್ಟಲು ಹಾಕಿದಳು. ನರ್ಸಬಾಯಿ ಏನೂ ತಿಳಿಯದೆ ನೀಲಾಳ ಮುಖ ನೋಡಿದಳು, ನೀಲಾ ಕಿಟಕಿಯ ಕಡೆ ನೋಡಿದಳು. ಮುಂದಿನ ತಿಂಗಳು ಮತ್ತೊಬ್ಬ ಅಜ್ಜಿ, ಅದರ ಮುಂದಿನ ತಿಂಗಳು ಇನ್ನಿಬ್ಬರು. ಐದನೇ ತಿಂಗಳಿಗೆ ಹೋದ ಹೆಣ್ಣುಮಕ್ಕಳೂ ಒಂಬತ್ತಕ್ಕೆ ಕೂಸು ಎತ್ತಿಕೊಂಡು ತವರಿಗೆ ಬರಲು ಅದೊಂದು ನೆಪವಾಯಿತು. ತವರಿಗೆ ಬರುವ ನೆಪವನ್ನು ಯಾವ ಮಗಳು ಬಿಡುತ್ತಾಳೆ? ಹಾಗೆ ಆ ಪದ್ಧತಿ ಕೂಸುಗಳ ಕುಲಾಯಿಯ ಜೊತೆಗೇ ಊರೂರು ಹೋಯಿತು. ಸವದತ್ತಿಯ ಕಡೆಗೂ ಹೋಯಿತು, ರಾಮದುರ್ಗದ ಕಡೆಗೂ ಹೋಯಿತು. ರಾಮದುರ್ಗದ ಕಡೆ ಹೋದ ಮೇಲೆ ತೊರಗಲ್ಲು ಮುಟ್ಟದೆ ಇದ್ದೀತೇ?

ಸಾವಿತ್ರೆವ್ವ ತಾನಾಗಿ ಫೋನು ಮಾಡಿದ್ದು ಮದುವೆಯಾದ ಮೇಲೆ ಅದೇ ಮೊದಲು. ದನಿ ಸಣ್ಣಗಿತ್ತು, ಅದರಲ್ಲಿ ಗೆದ್ದವರ ತಂಪು ಇತ್ತು.

"ಬೀಗತಿಯಾರ, ಒಂದ ಮಾತು ಕೇಳತೇನಿ. ಕೂಸು ಒಂಬತ್ತಕ್ಕ ತವರಾಗಿದ್ರ ಅಜ್ಜಿ ತೊಡಿ ಮ್ಯಾಲ ಸೂಜಿ ಮಾಡಸಬೇಕಂತ, ಹೌದಲ್ಲ? ನಿಮ್ಮವ್ವಾರ ಕಾಲದ್ದಂತ ಇದು, ನೀವ ಹೇಳಿದ್ದಂತ. ಹಂಗಾದ್ರ ಅವತ್ತ ನಿಮಗ ಗೊತ್ತಿತ್ತು. ಗೊತ್ತಿದ್ದೂ ಮಾಡಿಸಲಿಲ್ಲ. ನಾಲ್ಕ ಮಂದ್ಯಾಗ ನಮ್ಮ ಮ್ಯಾಲ ಹಾಕಿದ್ರಿ. ಹೇಳ್ರಿ. ಅನ್ನಪೂರ್ಣಾ ಇಲ್ಲೇ ಕುಂತಾಳ, ಸ್ಪೀಕರ್ ಹಚ್ಚೇನಿ."

ತಂಗೆವ್ವ ಕಟ್ಟೆಯ ಮೇಲಿದ್ದಳು. ಇಲ್ಲ, ಅದು ಮೊನ್ನೆ ನಾನು ಹುಟ್ಟಿಸಿದ ಮಾತು, ಅವತ್ತು ಅಂಥ ಪದ್ಧತಿಯೇ ಇರಲಿಲ್ಲ ಎಂದರೆ ಈ ಜಗಳದಲ್ಲಿ ಅವಳು ಉಳಿಯುತ್ತಿದ್ದಳು. ಅದು ಖರೇಯೂ ಆಗಿತ್ತು. ಆದರೆ ಆ ಖರೇ ಮಾತು ನಾಳೆ ಬೆಳಗಾಗುವುದರೊಳಗೆ ಬಾಳವ್ವನ ಮನೆ ಮುಟ್ಟುತ್ತದೆ, ಮಧ್ಯಾಹ್ನದ ಹೊತ್ತಿಗೆ ಊರು. ಇಳಕಲ್ಲ ಸೀರೆಗಳು ಪೆಟ್ಟಿಗೆ ಸೇರುತ್ತವೆ. ಓಣಿಯ ತುದಿಯಲ್ಲಿ ದುಂಡಪ್ಪನ ಮೊಮ್ಮಗಳು ಅಂಬೆಗಾಲಿಕ್ಕುತ್ತ ಕೋಳಿಯ ಹಿಂದೆ ಹೋಗುತ್ತಿತ್ತು. ಕೋಳಿ ಕೊಕ್ಕೊಕ್ಕೊ ಎಂದರೆ ನಿಂತು ಕೇಳುತ್ತಿತ್ತು, ಮತ್ತೆ ಹೊರಡುತ್ತಿತ್ತು. ಅದಕ್ಕೆ ಇನ್ನೆರಡು ತಿಂಗಳಿಗೆ ಒಂಬತ್ತು ತುಂಬುತ್ತದೆ.

"ಕೇಳಸಾಕತ್ತೈತೇನ್ರಿ?" ಎಂದಳು ಸಾವಿತ್ರೆವ್ವ.

"ಹೌದ್ರಿ ಬೀಗತಿಯಾರ," ಎಂದಳು ತಂಗೆವ್ವ. "ನಿಮ್ಮದೇನ ತಪ್ಪಿಲ್ಲ. ಆ ಸೂಜಿ ನನ್ನ ತೊಡಿ ಮ್ಯಾಲ ಆಗಬೇಕಾಗಿತ್ತು. ನಾ ಮಾಡಿಸಲಿಲ್ಲ."

ಆ ಕಡೆಯಿಂದ ಅನ್ನಪೂರ್ಣಾಳ ದನಿ ಬಂತು. ಸಿಟ್ಟಿನ ದನಿಯಲ್ಲ, ಸುಸ್ತಾದವರ ದನಿ.

"ಇದನ್ನ ನೀ ಅವತ್ತ ಬಾಗಲದಾಗ ಹೇಳಬೇಕಾಗಿತ್ತು ಬೇ."

ಫೋನು ಕಟ್ಟಾಯಿತು. ಅದಾದ ಮೇಲೆ ಊಟ, ಮಳೆಯ ಮಾತೂ ನಿಂತಿತು. ಪಂಚಮಿಗೆ ಮಗಳು ಬರಲಿಲ್ಲ, ಗಣೇಶ ಚೌತಿಗೂ ಬರಲಿಲ್ಲ. ಸಂಗಪ್ಪ ಒಬ್ಬನೇ ಬಸ್ಸು ಹತ್ತಿ ಹೋಗಿ ಮೊಮ್ಮಗಳನ್ನು ನೋಡಿಕೊಂಡು ಬರುತ್ತಾನೆ. ಕಿವಿಗೆ ಯಂತ್ರ ಹಾಕಿದ್ದಾರೆ, ಅದನ್ನು ಕಿತ್ತು ಕಿತ್ತು ಒಗೆಯುತ್ತಾಳೆ, ನನ್ನ ಮೀಸೆ ಹಿಡಿದು ಎಳೆದಳು ಎಂದೆಲ್ಲ ಹೇಳುತ್ತಾನೆ. ತಂಗೆವ್ವ ಕೇಳಿಸಿಕೊಳ್ಳುತ್ತ ತೊಟ್ಟಿಲಿನ ಧೂಳು ಒರೆಸುತ್ತಾಳೆ.

ಅವಳ ಮಾತಿಗೆ ಊರಿನಲ್ಲಿ ಬೆಲೆ ಕಡಿಮೆಯಾಯಿತು ಎಂದುಕೊಂಡೀರಿ. ಇಲ್ಲ, ಹೆಚ್ಚಾಯಿತು. ತನ್ನ ಮನೆಯ ಮಾನ ಹೋದರೂ ರೀತಿ ಬಿಡದವಳು ಎಂದು ಜನ ಕೊಂಡಾಡಿದರು. ಗುರುವಾರ ಅವಳು ಅಂಗನವಾಡಿಗೆ 'ಹಿರೇ ಮನುಷ್ಯಾಳು' ಎಂದು ಬಂದು ಕೂಡ್ರಲೇಬೇಕು. ಅವಳು ಬಂದು ಕೂಡ್ರದೆ ಯಾವ ಅಜ್ಜಿಯೂ ಕೂಸನ್ನು ತೊಡೆಯ ಮೇಲೆ ತೆಗೆದುಕೊಳ್ಳುವುದಿಲ್ಲ.

ಮೊನ್ನೆ ದುಂಡಪ್ಪನ ಹೆಂಡತಿಯ ಸರತಿ. ಹೊಸ ಸೀರೆ ಉಟ್ಟು, ಮೊಮ್ಮಗಳನ್ನು ಎತ್ತಿಕೊಂಡು, ನರ್ಸಬಾಯಿ ಸೂಜಿ ತುಂಬುತ್ತಿರುವಾಗ ಅವಳಿಗೆ ಒಂದು ಸಂಶಯ ಬಂತು. ತಂಗೆವ್ವನ ಕಡೆ ತಿರುಗಿ ಕೇಳಿದಳು.

"ಯಕ್ಕಾ, ಬಲದ ತೊಡಿ ಮ್ಯಾಲ ಕುಂಡ್ರಸಬೇಕೋ, ಎಡದ ತೊಡಿ ಮ್ಯಾಲೋ?"

ಸಾಲಿನಲ್ಲಿದ್ದ ಹೆಂಗಸರೆಲ್ಲ ಉತ್ತರಕ್ಕೆ ಕಾದರು. ತಂಗೆವ್ವ ಈ ಸಲ ಜಂತಿಯ ಕಡೆ ನೋಡಲಿಲ್ಲ. ತನ್ನ ಮಡಿಲ ಮೇಲೆ ಸುಮ್ಮನೆ ಬಿದ್ದಿದ್ದ ಎರಡೂ ಕೈಗಳನ್ನು ನೋಡಿಕೊಂಡಳು.

"ಯಾವುದಾದ್ರೂ ನಡಿತೈತಿ ತಂಗಿ," ಎಂದಳು. "ತೊಡಿ ಮ್ಯಾಲ ಕೂಸು ಇದ್ರ ಸಾಕು."